ಒಲ್ಲೆಚೀಟಿಗೊಂದು ಪೆನ್ನು

ನಮ್ಮೂರಿನಲ್ಲಿ ಒಲ್ಲೆ ಅನ್ನುವುದನ್ನು ಬಾಯಲ್ಲಿ ಹೇಳುವುದಿಲ್ಲ, ಬರೆದು ಕೊಡುತ್ತೇವೆ. ಹೂಂ ಅನ್ನುವುದಕ್ಕೆ ನಾಲಿಗೆ ಸಾಕು, ತಲೆ ಆಡಿಸಿದರೂ ನಡೆಯುತ್ತದೆ. ಆದರೆ ಯಾರಾದರೂ ಬಂದು ಏನನ್ನಾದರೂ ಕೇಳಿ, ಅದು ನಮಗೆ ಬೇಡವಾಗಿದ್ದರೆ, ಮೂರನೆಯ ದಿನದ ಸೂರ್ಯ ಮುಳುಗುವುದರೊಳಗೆ ಒಂದು ಚೀಟಿಯ ಮೇಲೆ ಶಾಯಿಯಲ್ಲಿ ಒಲ್ಲೆ ಎಂದು ಬರೆದು, ರುಜು ಹಾಕಿ, ಕೇಳಿದವರ ಕೈಗೆ ಕೊಡಬೇಕು. ಕೊಡದಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಎಂದು ಬೇರೆ ಊರಿನವರು ಮಾತಿಗೆ ಹೇಳುತ್ತಾರೆ, ನಮ್ಮ ಪುರಸಭೆಯವರು ಅದನ್ನು ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಕಂಪನಿ, ಕಚೇರಿಗಳಿಗೆ ಮೂರು ದಿನದ ರಿಯಾಯಿತಿ ಕೂಡ ಇಲ್ಲ. ಅವರು ಅಂದಂದೇ ಸಂಜೆ ಐದರ ಸೈರನ್ ಕೂಗುವುದರೊಳಗೆ ಒಲ್ಲೆಚೀಟಿ ಕೊಟ್ಟು ಮುಗಿಸಬೇಕು.

ಪೆನ್ನು ಅವರವರದೇ ಆಗಿರಬೇಕು, ಪುರಸಭೆಯಲ್ಲಿ ಅದರ ನಂಬರು ಇರಬೇಕು. ಹೆಂಡತಿಯ ಪೆನ್ನಿನಲ್ಲಿ ಗಂಡ ಬರೆದ ಒಲ್ಲೆ ನಡೆಯುವುದಿಲ್ಲ. ಬಾಲ್ ಪೆನ್ನು ಲೆಕ್ಕಕ್ಕಿಲ್ಲ. ಪೆನ್ಸಿಲ್ಲಿನಲ್ಲಿ ಬರೆದು ಕೊಟ್ಟರೆ ಜನ ನಕ್ಕು, ಕೇಳಿದ್ದನ್ನು ಎತ್ತಿಕೊಂಡೇ ಹೋಗುತ್ತಾರೆ. ಹೊಸ ಪೆನ್ನು ಕೊಂಡರೆ ನೋಂದಣಿಗೆ ಹದಿನೈದು ದಿನ ಬೇಕು. ಕಂಪನಿಯವರು ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟ ಪೆನ್ನಿಗೆ ಮಾತ್ರ ಹಳೆಯ ನಂಬರೇ ಮುಂದುವರಿಯುತ್ತದೆ. ಇಷ್ಟು ತಿಳಿದರೆ ಸಾಕು, ನನ್ನ ಗೋಳು ಏನೆಂದು ಅರ್ಥವಾಗುತ್ತದೆ.

ನಾನು ಗಡಿಯಾರ ರಿಪೇರಿ ಮಾಡುವವನು. ಮನೆಯ ಪಡಸಾಲೆಯೇ ನನ್ನ ಅಂಗಡಿ. ಗೋಡೆಯ ತುಂಬ ಲೋಲಕದ ಗಡಿಯಾರಗಳು, ಮೇಜಿನ ತುಂಬ ಬಿಚ್ಚಿಟ್ಟ ಹಲ್ಲುಚಕ್ರಗಳು. ಈ ಕೆಲಸಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಲೋಲಕ ಎಡಕ್ಕೆ ಹೋದಾಗಿನ ಟಿಕ್ಕಿಗೂ ಬಲಕ್ಕೆ ಬಂದಾಗಿನ ಟಕ್ಕಿಗೂ ನಡುವೆ ಅಂತರ ಸಮವಾಗಿದೆಯೇ ಎಂದು ಕಣ್ಣು ಮುಚ್ಚಿಕೊಂಡು ಕೇಳಬೇಕು. ಹಾಗೆ ಕೂತಿರುವುದನ್ನು ಕಂಡು ದಾರಿಯಲ್ಲಿ ಹೋಗುವವರು ತ್ರ್ಯಂಬಕ ನಿದ್ದೆ ಹೊಡೆಯುತ್ತಿದ್ದಾನೆ ಅನ್ನುತ್ತಾರೆ. ಹತ್ತರಲ್ಲಿ ಎರಡು ಸಲ ಅದೂ ನಿಜವೇ.

ನನ್ನ ಬಳಿ ಅಪ್ಪನ ಕಾಲದ ಒಂದು ಕರಿ ಪೆನ್ನಿತ್ತು. ಯಾವ ಕಂಪನಿಯದೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಮುಚ್ಚಳ ಸೀಳಿದ್ದರಿಂದ ದಾರ ಸುತ್ತಿದ್ದೆ. ಜೇಬಿಗೆ ಮಸಿ ಕಾರುತ್ತಿತ್ತು, ಆದರೆ ಬರೆಯುತ್ತಿತ್ತು. ನನಗೆ ಐವತ್ತು ತುಂಬಿದ ದಿನ ನನ್ನ ಹೆಂಡತಿ ಮಂದಾಕಿನಿ, ಅಂಗಿಗಳ ಕಲೆ ತೊಳೆದು ಸಾಕಾಗಿಯೋ ಏನೋ, ಹಂಸಗತಿ ಕಂಪನಿಯ ಹೊಸ ಮಾಡೆಲ್ಲಿನ ಪೆನ್ನು ತಂದು ಕೊಟ್ಟಳು. ಉಕ್ಕಿನ ಮೈ, ಅಯಸ್ಕಾಂತದ ಮುಚ್ಚಳ, ಒಳಗೆ ಇಂಕು ಎಷ್ಟಿದೆಯೆಂದು ತೋರಿಸುವ ಪುಟ್ಟ ಕಿಟಕಿ. ಡಬ್ಬಿಯೊಳಗೆ ಮದುವೆ ಕಾಗದದಷ್ಟು ದಪ್ಪನೆಯ ಕಾರ್ಡು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ‘ಜೀವಮಾನದ ವಾರಂಟಿ’ ಎಂದಿತ್ತು. ಯಾರ ಜೀವಮಾನ ಎಂದು ಬರೆದಿರಲಿಲ್ಲ.

ಅಪ್ಪನ ಪೆನ್ನನ್ನು ಗುರುಪಾದಪ್ಪ ಮಾವ ಕೇಳಿ ತೆಗೆದುಕೊಂಡರು. ಅವರು ಮಂದಾಕಿನಿಯ ಸೋದರಮಾವ, ಊರಿನ ಬ್ಯಾಂಡ್ ಮಾಸ್ತರರು. ಸ್ವರ ಬರೆದುಕೊಳ್ಳುವುದಕ್ಕೆ ಒಂದು ಪೆನ್ನು ಬೇಕಿತ್ತು ಅಂದರು, ನಾನು ಬಾಯಿ ತುಂಬ ಹೂಂ ಅಂದೆ, ಪುರಸಭೆಯಲ್ಲಿ ಅದರ ನಂಬರೂ ಅವರ ಹೆಸರಿಗೆ ಹೋಯಿತು. ಪಾಪ, ಒಲ್ಲೆ ಬರೆಯುವುದಕ್ಕೆ ಅವರಿಗೆ ಪೆನ್ನಿನ ಅಗತ್ಯವೇ ಇರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಅವರು ಯಾರಿಗೂ ಒಂದು ಒಲ್ಲೆಚೀಟಿ ಕೊಟ್ಟವರಲ್ಲ. ಹಾಗಾಗಿ ಊರಿನ ಅರ್ಧ ಕೆಲಸ ಅವರ ತಲೆಯ ಮೇಲೆಯೇ ಇತ್ತು.

ಹೊಸ ಪೆನ್ನು ಒಂದು ವಾರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರೆಯಿತು. ಎರಡನೆಯ ವಾರ ಒಂದಕ್ಷರ ಬಿಟ್ಟು ಒಂದಕ್ಷರ. ಮೂರನೆಯ ವಾರ ಒಂದೂ ಇಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದೆ, ಕಾಗದದ ಮೇಲೆ ಎಂಟು ಎಂಟು ಎಂದು ಸುತ್ತಿಸಿದೆ, ಇಂಕು ಬದಲಾಯಿಸಿದೆ. ಕಿಟಕಿಯಲ್ಲಿ ನೋಡಿದರೆ ಇಂಕು ತುಂಬಿ ತುಳುಕುತ್ತಿದೆ, ಕಾಗದದ ಮೇಲೆ ಒಂದು ಚುಕ್ಕೆಯಿಲ್ಲ. ಅಷ್ಟರಲ್ಲಿ ಎದುರು ಮನೆಯವರು ಊರಿಗೆ ಹೋಗುತ್ತ ತಮ್ಮ ಟರ್ಕಿ ಕೋಳಿಯನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಚೀಟಿ ಬರೆಯಲಾಗಲಿಲ್ಲ, ಟರ್ಕಿ ಬಂತು. ಮಹಿಳಾ ಸಮಾಜದವರು ಕೊಬ್ಬರಿ ತುರಿಯುವ ಸ್ಪರ್ಧೆಗೆ ತೀರ್ಪುಗಾರರಾಗಿ ಅಂದರು, ಆದೆ. ನಾಟಕ ಸಂಘದವರು ಮೂರು ಮಾತಿನ ರಾಕ್ಷಸನ ಪಾತ್ರವಿದೆ ಅಂದುಹೋದರು, ನಾಲ್ಕನೆಯ ದಿನ ಮೀಸೆ ತಂದುಕೊಟ್ಟರು. ತ್ರ್ಯಂಬಕನ ಪೆನ್ನು ಕೈಕೊಟ್ಟಿದೆ ಎಂಬ ಸುದ್ದಿ ಹಬ್ಬಿದ ಮೇಲೆ, ದಾರಿಯಲ್ಲಿ ನನ್ನನ್ನು ಕಂಡವರೆಲ್ಲ ತಮಗೆ ಏನು ಬೇಕಿತ್ತೆಂದು ನೆನಪು ಮಾಡಿಕೊಳ್ಳತೊಡಗಿದರು.

ಒಂದು ಬೆಳಗ್ಗೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನಿಬ್ಬನ್ನು ನೋಡಿದೆ. ಕಾಯಿಲೆ ಕೂಡಲೇ ಸಿಕ್ಕಿತು. ನಿಬ್ಬಿನ ಸೀಳಿನ ಎರಡು ತುದಿಗಳು ಕೈ ಮುಗಿದ ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು, ಇಂಕು ಇಳಿಯುವುದಕ್ಕೆ ದಾರಿಯೇ ಇರಲಿಲ್ಲ. ನಿಬ್ಬನ್ನು ಹೊರಗೆಳೆದು, ತೆಳ್ಳನೆಯ ಹಿತ್ತಾಳೆಯ ತಗಡನ್ನು ಆ ಸೀಳಿನಲ್ಲಿ ಒಮ್ಮೆ ಎಳೆದರೆ ಐದು ನಿಮಿಷದ ಕೆಲಸ. ಚಿಮಟವನ್ನೂ ತಗಡನ್ನೂ ತೆಗೆದಿಟ್ಟುಕೊಂಡೆ. ಅಷ್ಟರಲ್ಲಿ ನಿಬ್ಬಿನ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಅರಗು ಕಾಣಿಸಿತು. ಕಾರ್ಡಿನ ಹಿಂಬದಿ ಓದಿದರೆ, ‘ಈ ಮುದ್ರೆ ಒಡೆದರೆ ವಾರಂಟಿ ರದ್ದು’ ಎಂದಿತ್ತು. ಪುರಸಭೆಯವರೂ ಮುದ್ರೆ ಒಡೆದ ಪೆನ್ನಿನ ಬರಹವನ್ನು ಒಪ್ಪುವುದಿಲ್ಲ. ಮಂದಾಕಿನಿ ಅಡುಗೆಮನೆಯಿಂದಲೇ, “ರೀ, ಅದಕ್ಕೇನಾದ್ರೂ ಕೈ ಹಾಕಿದ್ರೆ ನೋಡಿ. ವಾರಂಟಿ ಇದೆ, ಕಂಪನಿಯವರು ಮಾಡಿಕೊಡ್ತಾರೆ,” ಅಂದಳು. ಹಿತ್ತಲ ಗಿಡ ಮದ್ದಲ್ಲ. ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸುವ ನಾನು ಸಾಸಿವೆಯಷ್ಟು ಅರಗಿನ ಮುಂದೆ ಕೈಕಟ್ಟಿ ಕೂತೆ.

ಆ ಸೋಮವಾರ ಗುರುಪಾದಪ್ಪ ಮಾವ ಬಂದರು. ಕಂಕುಳಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ, ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಬೆಲ್ಲದ ಕಾಫಿ ಕುಡಿದು, ಟರ್ಕಿಯ ಯೋಗಕ್ಷೇಮ ವಿಚಾರಿಸಿ, ಆಮೇಲೆ ಹೇಳಿದರು: “ಅಳಿಯಂದ್ರೆ, ನಮ್ಮ ಬ್ಯಾಂಡು ಅಭ್ಯಾಸ ಮಾಡ್ತಿದ್ದ ಅಕ್ಕಿ ಗಿರಣಿ ಹಿಂದಿನ ಜಾಗ ಹೋಯ್ತು. ಅಲ್ಲಿ ಹೊಸ ಯಂತ್ರ ಇಟ್ರು. ದಿನಾ ಸಂಜೆ ಎರಡು ಗಂಟೆ ನಿಮ್ಮ ಪಡಸಾಲೆ ಕೊಡ್ತೀರಾ? ನಾವು ಏಳೇ ಜನ.” ಏಳು ಜನವೇನೋ ಸರಿ. ಆ ಏಳರಲ್ಲಿ ಮೂವರು ಕಹಳೆಯವರು, ಒಬ್ಬನ ಹೊಟ್ಟೆಗೆ ಕಟ್ಟಿದ ಡ್ರಮ್ಮು ನಮ್ಮ ಮನೆಯ ಹಂಡೆಗಿಂತ ದೊಡ್ಡದು. ಅದು ಒಂದು ಸಲ ಬಡಿದರೆ ನನ್ನ ಗೋಡೆಯ ಲೋಲಕಗಳೆಲ್ಲ ದಿಕ್ಕು ತಪ್ಪುತ್ತವೆ. ನಾನು ಕಿವಿಯಲ್ಲಿ ಅನ್ನ ತಿನ್ನುವವನು, ಮಾವನ ಬ್ಯಾಂಡು ಬಂದರೆ ಅಂಗಡಿ ಮುಚ್ಚಬೇಕು.

ಮಾವ ತಾವಾಗಿಯೇ ಡಬ್ಬಿ ತೆರೆದು ತೋರಿಸಿದರು. ಅದರೊಳಗೆ ನಲವತ್ತೊಂದು ಒಲ್ಲೆಚೀಟಿಗಳು. ಊರಿನಲ್ಲಿ ಅವರು ಕೇಳದ ಮನೆಯಿರಲಿಲ್ಲ. ಒಂದಿಷ್ಟು ಬೇಸರವಿಲ್ಲದೆ ಒಂದೊಂದನ್ನೇ ಎತ್ತಿ, “ಇದು ಪೋಸ್ಟ್ ಮಾಸ್ತರ್ದು, ಅಕ್ಷರ ನೋಡಿ, ಮುತ್ತು ಪೋಣಿಸಿದಂಗಿದೆ. ಇದು ಹಾಲಿನ ಡೈರಿಯವರದ್ದು, ರುಜು ಎಷ್ಟು ಉದ್ದ ಎಳೆದಿದಾರೆ,” ಎಂದು ಹೊಗಳಿದರು. ನನಗೆ ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ. ಅವರೆಂದರೆ ನನಗೆ ಇಷ್ಟ. ಆದರೆ ಪಡಸಾಲೆ ಕೊಡಲಾರೆ. ಬುಧವಾರ ಸೂರ್ಯ ಮುಳುಗುವುದರೊಳಗೆ ನನ್ನ ಚೀಟಿ ನಲವತ್ತೆರಡನೆಯದಾಗಿ ಆ ಡಬ್ಬಿಗೆ ಬೀಳಲೇಬೇಕಿತ್ತು, ನನ್ನ ಪೆನ್ನು ನೋಡಿದರೆ ಹೀಗೆ.

ಅವರು ಹೋದ ಕೂಡಲೇ ಹಂಸಗತಿಯ ಸೇವಾ ಕೇಂದ್ರಕ್ಕೆ ಓಡಿದೆ. ಹಿಂದೆ ಅದು ಬಟ್ಟೆಯ ಗೋದಾಮಾಗಿತ್ತು. ಎತ್ತರದ ಸೂರು, ದೊಡ್ಡ ಖಾಲಿ ಹಾಲ್, ಕೊನೆಯಲ್ಲಿ ಒಂದು ಗಾಜಿನ ಕೌಂಟರು, ಅದರ ಹಿಂದೆ ಮ್ಯಾನೇಜರ್ ಪ್ರಹ್ಲಾದ. ಪರವೂರಿನವರು, ಬಂದು ಎಂಟು ತಿಂಗಳಾಗಿತ್ತು, ನಮ್ಮೂರಿನ ರೀತಿ ರಿವಾಜು ಕಲಿತಿದ್ದರು. ಅದರಲ್ಲೂ ಒಲ್ಲೆ ಬರೆಯುವುದನ್ನು ಊರಿನವರಿಗಿಂತ ಚೆನ್ನಾಗಿ ಕಲಿತಿದ್ದರು. “ಬರೆದು ತೋರಿಸಿ,” ಎಂದು ಕಾಗದ ಮುಂದೆ ತಳ್ಳಿದರು. ನಾನು ಮುಚ್ಚಳ ತೆಗೆದು ನಿಬ್ಬು ತಾಗಿಸಿದೆ, ಆ ದರಿದ್ರ ಪೆನ್ನು ಸರಸರನೆ ಬರೆಯಿತು. ಬಿಸಿಲಿನಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಿದ್ದಕ್ಕೆ ಇಂಕು ಬಿಸಿಯಾಗಿ ಇಳಿದಿರಬೇಕು. ಗಾಬರಿಯಲ್ಲಿ ನಾನು ‘ಈ ಪೆನ್ನು ಖಂಡಿತ ಬರೆಯುವುದಿಲ್ಲ’ ಎಂದು ಮೂರು ಸಲ ದುಂಡಗೆ ಬರೆದೆ. ಪ್ರಹ್ಲಾದರು ಅದನ್ನು ಓದಿ, ನನ್ನ ಮುಖ ನೋಡಿ, ತಮ್ಮ ಪೆನ್ನು ತೆಗೆದು ‘ದೋಷ ಕಂಡುಬಂದಿಲ್ಲ, ಒಲ್ಲೆ’ ಎಂದು ಬರೆದುಕೊಟ್ಟರು.

ಮನೆಗೆ ಬಂದು ನಡೆದದ್ದು ಹೇಳಿದೆ. ಮಂದಾಕಿನಿ ಪೂರ್ತಿ ಕೇಳಿದಳು. ಕೇಳಿ, “ಅಲ್ಲಾ, ಅದು ಬರೀತಿತ್ತಲ್ಲ, ಅಲ್ಲೇ ಮಾವನಿಗೂ ಒಂದು ಚೀಟಿ ಬರೆದುಕೊಂಡು ಬರಬಾರದಿತ್ತಾ?” ಅಂದಳು. ನಾನು ಹಣೆ ಚಚ್ಚಿಕೊಂಡೆ. ಕೂಡಲೇ ಜೇಬಿನಲ್ಲಿ ಪೆನ್ನು ಇಟ್ಟುಕೊಂಡು ಬಿಸಿಲಿನಲ್ಲಿ ಬೀದಿಯ ತುದಿಯವರೆಗೆ ಓಡಿ, ವಾಪಸು ಓಡಿ ಬಂದು ಬರೆದು ನೋಡಿದೆ. ಏನೂ ಇಲ್ಲ. ಇನ್ನೆರಡು ಸಲ ಓಡಿದೆ. ಟರ್ಕಿ ಗೇಟಿನ ಬಳಿ ನಿಂತು ನನ್ನನ್ನೇ ನೋಡುತ್ತಿತ್ತು. ಎದುರಿಗೆ ಬಂದ ನಾಟಕದವರು, ರಾಕ್ಷಸನ ಪಾತ್ರಕ್ಕೆ ಮೈ ಇಳಿಸುತ್ತಿದ್ದೇನೆಂದು ಮೆಚ್ಚಿ ಹೋದರು.

ಮಂಗಳವಾರ ಮತ್ತೆ ಹೋದೆ. ಈ ಸಲ ಪೆನ್ನು ನನ್ನ ಮರ್ಯಾದೆ ಉಳಿಸಿತು, ಕೌಂಟರಿನಲ್ಲೂ ಬರೆಯಲಿಲ್ಲ. “ಸರಿ, ಈಗ ಅರ್ಜಿ ಕೊಡಿ,” ಅಂದರು ಪ್ರಹ್ಲಾದ. ಅರ್ಜಿಯ ಜೊತೆ ಬಿಲ್ಲು, ಡಬ್ಬಿ, ಕಾರ್ಡು ಎಲ್ಲ ಇಟ್ಟೆ. ಅವರು ಬೆರಳು ಓಡಿಸಿ ಏಳನೆಯ ಅಂಶದ ಮೇಲೆ ನಿಲ್ಲಿಸಿದರು. “ಬರಹದ ಮಾದರಿ ಎಲ್ಲಿ? ಪೆನ್ನಿನ ದೋಷ ಏನು ಅಂತ ಅದೇ ಪೆನ್ನಲ್ಲಿ ಐದು ಸಾಲಿಗೆ ಕಮ್ಮಿ ಆಗದಂಗೆ ಬರೆದು ಲಗತ್ತಿಸಬೇಕು.” ನಾನು, “ಸಾರ್, ಇದರ ದೋಷವೇ ಬರೆಯದಿರೋದು,” ಅಂದೆ. “ಅದನ್ನೇ ಬರೀರಿ,” ಅಂದರು. ಐದು ನಿಮಿಷ ನಾವಿಬ್ಬರೂ ಇದೇ ಎರಡು ಮಾತನ್ನು ಹಿಂದುಮುಂದಾಗಿ ಆಡಿದೆವು. ಕೊನೆಗೆ ‘ಅರ್ಜಿ ಅಪೂರ್ಣ, ಒಲ್ಲೆ’ ಎಂದು ಚೀಟಿ ಕೊಟ್ಟರು. ಕೊಟ್ಟು, ತಾವು ಬರೆದ ಪೆನ್ನನ್ನು ಪ್ರೀತಿಯಿಂದ ಒರೆಸಿ, ಹೆಡ್ಡಾಫೀಸಿಗೆ ಕಳಿಸಲೆಂದು ಒಂದು ಲಕೋಟೆಗೆ ಹಾಕಿದರು. “ಇದು ಹಳೇ ಮಾಡೆಲ್ಲು. ಹೆಡ್ಡಾಫೀಸಿಂದ ಆರ್ಡರು ಬಂದಿದೆ, ನಾಳೆಯಿಂದ ಸಿಬ್ಬಂದಿಯೆಲ್ಲ ಹೊಸ ಮಾಡೆಲ್ಲೇ ಬಳಸಬೇಕಂತೆ. ಬದಲಿ ಪೆನ್ನು, ನಂಬರು ಅದೇ ಇರುತ್ತೆ,” ಅಂದರು. ನನ್ನ ದುಃಖದಲ್ಲಿ ಆ ಮಾತು ನನಗೆ ಕೇಳಿಸಿದರೂ ತಲೆಗೆ ಇಳಿಯಲಿಲ್ಲ.

ಬುಧವಾರ ಬೆಳಗ್ಗೆ ಮಂದಾಕಿನಿ ಸೀರೆಯ ಸೆರಗು ಸಿಕ್ಕಿಸಿಕೊಂಡಳು. ಅವಳು ಹಾಗೆ ಸಿಕ್ಕಿಸಿಕೊಂಡಳೆಂದರೆ ಕೆಲಸ ಆಗುತ್ತದೆ, ಇಲ್ಲವೇ ಜಗಳವಾಗುತ್ತದೆ. ಒಂದು ಬಿಳಿ ಹಾಳೆ ಮುಂದಿಟ್ಟು, “ಇಂಕು ಬರದಿದ್ರೆ ಬೇಡ. ಒತ್ತಿ ಬರೀರಿ,” ಅಂದಳು. ನಾನು ಒಣ ನಿಬ್ಬಿನಿಂದಲೇ ಐದು ಸಾಲು ಗೀರಿದೆ. ಹಾಳೆ ಖಾಲಿಯಾಗಿಯೇ ಇತ್ತು, ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ‘ಈ ಪೆನ್ನು ಬರೆಯುವುದಿಲ್ಲ’ ಎಂಬ ಗೀರುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಹಾಳೆ ಹಿಡಿದುಕೊಂಡು ಇಬ್ಬರೂ ಹೊರಟೆವು. ಬೀದಿಯ ತಿರುವಿನಲ್ಲಿ ಗುರುಪಾದಪ್ಪ ಮಾವ ಸಿಕ್ಕರು. “ಇವತ್ತು ಮೂರನೇ ದಿನ ಅಲ್ವಾ ಅಳಿಯಂದ್ರೆ? ನಿಮ್ಮ ಜೊತೇಲೇ ಇರ್ತೀನಿ. ಚೀಟಿ ಕೊಡೋಕೆ ನೀವು ನನ್ನ ಹುಡುಕಿಕೊಂಡು ಅಲೆಯೋದು ತಪ್ಪುತ್ತೆ,” ಎಂದು ಜೊತೆಗೆ ಹೆಜ್ಜೆ ಹಾಕಿದರು. ನಾನು ಯಾರಿಂದ ಬಚಾವಾಗಲು ಹೊರಟಿದ್ದೆನೋ ಅವರೇ ದಾರಿಯುದ್ದಕ್ಕೂ ನನ್ನ ಡಬ್ಬಿ, ಕಾರ್ಡು ಹೊತ್ತುಕೊಂಡು ಬಂದರು.

ಪ್ರಹ್ಲಾದರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. “ಇದು ಖಾಲಿ ಹಾಳೆ.” ಮಂದಾಕಿನಿ, “ಬೆಳಕಿಗೆ ಹಿಡೀರಿ,” ಅಂದಳು. ಹಿಡಿದರು, ಓದಿದರು, ಕೆಳಗಿಟ್ಟರು. “ಇಂಕಿಲ್ಲದ ಬರಹಾನ ಮಾದರಿ ಅಂತ ಒಪ್ಪೋಕೆ ನಮ್ಮ ನಿಯಮದಲ್ಲಿ—” ಎಂದು ಶುರುಮಾಡಿದರು. ಅವಳು ಮಾತು ಮುಗಿಸಲು ಬಿಡಲಿಲ್ಲ. “ಬಾಯಲ್ಲಿ ಯಾಕೆ ಸಾರ್, ಬರೆದು ಕೊಡಿ. ನಾವು ಕಾಯ್ತೀವಿ,” ಅಂದು ಬೆಂಚಿನ ಮೇಲೆ ಕೂತಳು. ಆಗ ಗಂಟೆ ಮೂರೂವರೆ. ಪ್ರಹ್ಲಾದರು ಜೇಬಿನಿಂದ ಪೆನ್ನು ತೆಗೆದರು. ಉಕ್ಕಿನ ಮೈ, ಅಯಸ್ಕಾಂತದ ಮುಚ್ಚಳ, ಪುಟ್ಟ ಕಿಟಕಿ. ನನ್ನದೇ ಮಾಡೆಲ್ಲು. ಅವರು ಚೀಟಿ ಎಳೆದುಕೊಂಡು ಬರೆಯಹೊರಟರು, ಕಾಗದದ ಮೇಲೆ ಏನೂ ಮೂಡಲಿಲ್ಲ.

ಅವರು ಪೆನ್ನು ಕೊಡವಿದರು. ಎಂಟು ಎಂಟು ಎಂದು ಸುತ್ತಿಸಿದರು. ಕಿಟಕಿಯಲ್ಲಿ ಇಣುಕಿ ನೋಡಿದರು. ಒಳಗೆ ಹೋಗಿ ಲೋಟದಲ್ಲಿ ಬಿಸಿನೀರು ತಂದು ಅದ್ದಿದರು. ನಾನು ಈ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಇಳಿದವನಾದ್ದರಿಂದ ಮುಂದಿನದು ಏನೆಂದು ಮೊದಲೇ ಗೊತ್ತಿತ್ತು. ಇನ್ನು ಇಂಕು ಬದಲಾಯಿಸುತ್ತಾರೆ ಅಂದುಕೊಂಡೆ, ಬದಲಾಯಿಸಿದರು. ನಾಲ್ಕೂವರೆಗೆ ಅವರ ಬೆರಳೆಲ್ಲ ನೀಲಿ, ಚೀಟಿ ಮಾತ್ರ ಹಾಲಿನಂತೆ ಬಿಳಿ. ಬೇರೆ ಕಂಪನಿಯ ಪೆನ್ನು ಮುಟ್ಟಿದರೆ ಅವರ ಕೆಲಸ ಹೋಗುತ್ತದೆ, ಮುಟ್ಟಿದರೂ ನಂಬರಿಲ್ಲದ ಪೆನ್ನಿನ ಒಲ್ಲೆ ನಡೆಯುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಅದನ್ನು ನಾನು ಅಂದು ಅಂಗಿ ಹಾಕಿಕೊಂಡು ಓಡಾಡುವುದನ್ನು ಕಂಡೆ.

ಐದಕ್ಕೆ ಹತ್ತು ನಿಮಿಷವಿರುವಾಗ ಅವರ ಕಣ್ಣು ನನ್ನ ಜೇಬಿನ ಭೂತಗನ್ನಡಿಯ ಮೇಲೆ ಬಿತ್ತು. “ತ್ರ್ಯಂಬಕ ಅವರೇ, ನೀವು ರಿಪೇರಿಯವರಲ್ವಾ? ಸ್ವಲ್ಪ ನೋಡಿಕೊಡ್ತೀರಾ?” ನಾನು ಎದ್ದು ಹೋಗಿ ನೋಡಿದೆ. ಅದೇ ಕಾಯಿಲೆ, ಅದೇ ಕೈಮುಗಿದ ತುದಿಗಳು. ತಗಡು ನನ್ನ ಜೇಬಿನಲ್ಲೇ ಇತ್ತು. ಕೆಟ್ಟದ್ದು ಕೈಗೆ ಬಂದಾಗ ನನ್ನ ಬೆರಳು ಸುಮ್ಮನಿರುವುದಿಲ್ಲ, ಅದು ಮೂವತ್ತು ವರ್ಷದ ಚಟ. ಮಂದಾಕಿನಿ ಬೆಂಚಿನಿಂದಲೇ ನನ್ನನ್ನು ನೋಡಿದಳು. ನಾನು ಪೆನ್ನನ್ನು ಮೆಲ್ಲಗೆ ವಾಪಸು ಇಟ್ಟು, “ಮಾಡಿಕೊಡಬಹುದು ಸಾರ್. ಆದರೆ ಮುದ್ರೆ ಒಡೆದ್ರೆ ವಾರಂಟಿ ಹೋಗುತ್ತೆ,” ಅಂದೆ. ಇಷ್ಟು ಸಂತೋಷದಿಂದ ನಾನು ಯಾವ ಮಾತನ್ನೂ ಆಡಿದ ನೆನಪಿಲ್ಲ. ಅವರು ಕುರ್ಚಿಯಲ್ಲಿ ಕುಸಿದು ಕೂತರು. ಪುರಸಭೆಯ ಸೈರನ್ ಕೂಗಿತು. ನನ್ನ ಅರ್ಜಿ ಮಂಜೂರಾಯಿತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬದಲಿ ಪೆನ್ನುಗಳೂ ಅದೇ ಮಾಡೆಲ್ಲು. ಪ್ರಹ್ಲಾದರು ಡಬ್ಬಿಯ ಮೇಲೆ ಡಬ್ಬಿ ಒಡೆದರು, ನಾನು ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದೆ, ಮಂದಾಕಿನಿ ಇಂಕು ತುಂಬಿದಳು, ಮಾವ ಚಿಂದಿಯಿಂದ ಒರೆಸಿಕೊಟ್ಟರು. ಹತ್ತು ಪೆನ್ನು ಬರೆಯಲಿಲ್ಲ. ಹನ್ನೊಂದನೆಯದರ ಸೀಳಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಕಾಗದಕ್ಕೆ ತಾಗಿಸಿದರೆ ನೀಲಿ ಗೆರೆ ಮೂಡಿತು. ಕಿಟಕಿಯಲ್ಲಿ ಬಿಸಿಲು ಆಗಲೇ ಕೆಂಪಗಾಗಿತ್ತು, ಸೂರ್ಯ ಮುಳುಗಲು ಇನ್ನು ಕಾಲು ಗಂಟೆ ಇದ್ದಿರಬಹುದು.

ಮಾವ ಬೆಂಚಿನ ಮೇಲೆ ಕೂತು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದಿಟ್ಟುಕೊಂಡಿದ್ದರು. ನಾನು ಬರೆಯುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತು ನನಗೋಸ್ಕರ ಪೆನ್ನು ಒರೆಸಿಕೊಟ್ಟ ಕೈಗೇ ಒಲ್ಲೆ ಕೊಡಬೇಕಲ್ಲ ಎಂದು ನನಗೆ ನಾಚಿಕೆಯಾಯಿತು. ಬರೆಯದೆ ಬಿಟ್ಟುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಗೋಡೆಯ ಗಡಿಯಾರಗಳು ನೆನಪಾದವು. ಬರೆದೆ. ‘ಮಾವ, ಪಡಸಾಲೆ ಕೊಡಲು ಒಲ್ಲೆ. ಡ್ರಮ್ಮಿನ ಸದ್ದಿಗೆ ನನಗೆ ಗಡಿಯಾರ ಕೇಳಿಸುವುದಿಲ್ಲ, ಅದಕ್ಕೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.’ ಅವರು ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. ಎರಡನೆಯ ಸಲವೂ ಓದಿದರು. “ಯಾಕೆ ಅಂತ ಬರೆದುಕೊಟ್ಟವರು ನೀವೊಬ್ಬರೇ ಅಳಿಯಂದ್ರೆ,” ಅಂದು ಅದನ್ನು ಉಳಿದ ನಲವತ್ತೊಂದರ ಮೇಲೆ ಇಟ್ಟು ಮುಚ್ಚಳ ಹಾಕಿದರು. ಮಂದಾಕಿನಿ ಮೂಗು ಒರೆಸಿಕೊಂಡಳು.

ಎದ್ದು ಹೊರಡುವಾಗ ಮುಚ್ಚಳ ಸರಿಯಾಗಿ ಕೂತಿಲ್ಲವೆಂದು ಮಾವ ಅಂಗೈಯಿಂದ ಡಬ್ಬಿಯನ್ನು ಒಂದು ಸಲ ಬಡಿದರು. ಆ ಸದ್ದು ಹಾಲಿನ ಆ ಗೋಡೆಗೆ ಹೋಗಿ, ಸೂರಿಗೆ ಏರಿ, ದುಂಡಗೆ ತಿರುಗಿ ಬಂತು. ಮಾವ ನಿಂತರು. ಇನ್ನೊಂದು ಸಲ ಬಡಿದು, ನಾನು ಲೋಲಕ ಕೇಳುವಾಗ ಮಾಡುವಂತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೌಂಟರಿನ ಹತ್ತಿರ ಹೋಗಿ, ಅಷ್ಟೇ ವಿನಯದಿಂದ, “ಸಾರ್, ದಿನಾ ಸಂಜೆ ಎರಡು ಗಂಟೆ ಈ ಹಾಲ್ ನಮ್ಮ ಬ್ಯಾಂಡಿಗೆ ಕೊಡ್ತೀರಾ? ನಾವು ಏಳೇ ಜನ,” ಅಂದರು. ಪ್ರಹ್ಲಾದರು ತಮ್ಮ ಮುಂದೆ ಬಿದ್ದಿದ್ದ ಹತ್ತು ಬರೆಯದ ಪೆನ್ನುಗಳನ್ನು ನೋಡಿದರು. ಐದರ ಸೈರನ್ ಆಗಿಹೋಗಿದ್ದರಿಂದ ಅವರಿಗೆ ಮರುದಿನದ ಸೈರನ್ನಿನವರೆಗೆ ಸಮಯವಿತ್ತು.

ಆ ಮರುದಿನ ಅವರು ಏನು ಮಾಡಿದರೆಂದು ಊರೇ ಹೇಳುತ್ತದೆ. ಬೆಳಗ್ಗೆ ಕೌಂಟರಿನ ಈಚೆ ಬಂದು ನಿಂತು ತಮ್ಮ ಪೆನ್ನಿನ ವಾರಂಟಿಗೆ ತಾವೇ ಅರ್ಜಿ ಕೊಟ್ಟರು. ಏಳನೆಯ ಅಂಶಕ್ಕೆ ಒಣ ನಿಬ್ಬಿನಿಂದ ಐದು ಸಾಲು ಗೀರಿದ ಖಾಲಿ ಹಾಳೆ ಲಗತ್ತಿಸಿದರು. ಆಚೆ ಹೋಗಿ ಕೂತು ಅದನ್ನು ಪರಿಶೀಲಿಸಿದರು. ನಿಯಮದ ಪ್ರಕಾರ ಅದಕ್ಕೆ ಒಲ್ಲೆ ಬರೆಯಬೇಕಿತ್ತು, ಬರೆಯಲು ಪೆನ್ನಿರಲಿಲ್ಲ. ಹಾಗಾಗಿ ಸಂಜೆ ಐದಕ್ಕೆ ಅವರ ಅರ್ಜಿ ಮಂಜೂರಾಗಿ ಹೊಸ ಪೆನ್ನು ಸಿಕ್ಕಿತು. ಅದೇ ಸೈರನ್ನಿಗೆ ಮಾವನ ಕೋರಿಕೆಯೂ ಮಂಜೂರಾಯಿತು. ಐದೂಕಾಲಿಗೆ ಡ್ರಮ್ಮು ಹಾಲಿನೊಳಗೆ ಬಂತು, ಬಾಗಿಲಲ್ಲಿ ಹಿಡಿಸದೆ ಒಂದು ಬಾಗಿಲನ್ನು ಕಳಚಬೇಕಾಯಿತು.

ಈಗ ಆರು ತಿಂಗಳಾಯಿತು. ವಾರಂಟಿಗೆ ಬರುವವರು ಸಂಜೆಯೇ ಬರುತ್ತಾರೆ, ಅರ್ಜಿ ಕೊಟ್ಟು ಬೆಂಚಿನ ಮೇಲೆ ಕೂತು ಬ್ಯಾಂಡು ಕೇಳುತ್ತಾರೆ. ಕೆಟ್ಟ ಪೆನ್ನುಗಳಿಗಂತೂ ಬರವಿಲ್ಲ. ಟರ್ಕಿಯ ಮನೆಯವರು ಊರಿನಿಂದ ವಾಪಸು ಬಂದಿಲ್ಲ. ರಾಕ್ಷಸನ ಮೂರು ಮಾತಿನಲ್ಲಿ ನಾನು ಎರಡನ್ನು ಮರೆತೆ, ಉಳಿದ ಒಂದಕ್ಕೆ ಚಪ್ಪಾಳೆ ಬಿತ್ತು. ನನ್ನ ಹಂಸಗತಿ ಹನ್ನೊಂದು ಇನ್ನೂ ಬರೆಯುತ್ತಿದೆ. ಅದನ್ನು ನಾನು ದಿನಾ ರಾಹುಕಾಲ ಬಿಟ್ಟು ತೆಗೆಯುತ್ತೇನೆ.

ಮೊನ್ನೆ ಅದಕ್ಕೆ ಇಂಕು ಕೊಳ್ಳಲೆಂದು ಕೇಂದ್ರಕ್ಕೆ ಹೋಗಿದ್ದೆ. ಪ್ರಹ್ಲಾದರು ಕಿವಿಯ ಹತ್ತಿ ತೆಗೆದು ಮಾವನ ಹತ್ತಿರ ಬಂದರು. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಶುಕ್ರವಾರ ಸಂಜೆ ತನಿಖೆಗೆ ಬರುತ್ತಾರಂತೆ. “ಮಾಸ್ತರೇ, ಅದೊಂದು ದಿನ ಬ್ಯಾಂಡು ನಿಲ್ಲಿಸ್ತೀರಾ?” ಎಂದು ಕೇಳಿದರು. ಬ್ಯಾಂಡಿನ ಉಳಿದ ಆರು ಜನವೂ ಮಾವನ ಮುಖ ನೋಡಿದರು. ನಾನೂ ನೋಡಿದೆ. ಮಾವ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟರು. ಜುಬ್ಬದ ಜೇಬಿಗೆ ಕೈಹಾಕಿ, ದಾರ ಸುತ್ತಿದ ಮುಚ್ಚಳದ ಅಪ್ಪನ ಕರಿ ಪೆನ್ನನ್ನು ತೆಗೆದರು. ಸ್ವರದ ಪುಸ್ತಕದಿಂದ ಒಂದು ತುಂಡು ಹರಿದರು. ಅದು ಅವರ ಮೊದಲ ಒಲ್ಲೆಚೀಟಿ. ಪೆನ್ನು ತಾಗಿದ ಕೂಡಲೇ ಬರೆಯಿತು. ‘ಒಲ್ಲೆ’ ಎಂದು ಬರೆದು, ಪೋಸ್ಟ್ ಮಾಸ್ತರರ ಹಾಗೆ ದುಂಡಗೆ ಮಾಡಿ, ಡೈರಿಯವರ ಹಾಗೆ ರುಜುವಿನ ಬಾಲ ಉದ್ದ ಎಳೆದು, ಕೆಳಗೆ ಯಾಕೆಂದು ಕಾರಣವನ್ನೂ ಬರೆದರು: ‘ಶುಕ್ರವಾರ ಹೊಸ ರಾಗ ಹಿಡಿಯುತ್ತೇವೆ, ಅದಕ್ಕೆ.’ ಊದಿ ಒಣಗಿಸಿ, ಎರಡೂ ಕೈಯಲ್ಲಿ ಕೊಟ್ಟರು.

ಪ್ರಹ್ಲಾದರು ಚೀಟಿಯನ್ನು ನೋಡಲಿಲ್ಲ, ಪೆನ್ನನ್ನು ನೋಡುತ್ತಿದ್ದರು. ಅದರಿಂದ ಮಾವನ ಹೆಬ್ಬೆರಳಿಗೆ ಮಸಿ ಇಳಿಯುತ್ತಿತ್ತು. “ಎಷ್ಟು ಚೆನ್ನಾಗಿ ಬರೆಯುತ್ತೆ ಮಾಸ್ತರೇ,” ಅಂದರು, ದನಿಯಲ್ಲಿ ಆಸೆಯಿತ್ತು. “ಇದಕ್ಕೆ ವಾರಂಟಿ ಎಷ್ಟು ವರ್ಷದ್ದು?”

ಮಾವ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು. “ಇದಕ್ಕೆಲ್ಲಿ ವಾರಂಟಿ ಸಾರ್,” ಅಂದರು. “ಬರೀದೇ ಇನ್ನೇನು ಮಾಡುತ್ತೆ.”